ಅರ್ಕಾವತಿಯ ಜಮಾ-ಖರ್ಚು: ಜಲಾನಯನ ಸಂಶೋಧನೆ ಉದ್ಯಮಿಗಳಿಗೆ ತಿಳಿಸುವುದೇನು?

ಕಚ್ಚಾಮಾಲು, ವಿದ್ಯುಚ್ಛಕ್ತಿ, ಕೂಲಿ, ಬಡ್ಡಿ – ಇವುಗಳ ಲೆಕ್ಕವನ್ನು ಸಣ್ಣ ಉದ್ಯಮಿಗಳೂ ವರ್ತಕರೂ ಚಾಚೂ ತಪ್ಪದೆ ಇಡುತ್ತಾರೆ. ನೀರಿನ ಲೆಕ್ಕ ಮಾತ್ರ ನೆನಪಾಗುವುದು ಕೊಳವೆಬಾವಿ ಬತ್ತಿದಾಗ ಅಥವಾ ಟ್ಯಾಂಕರಿನ ದರ ಏರಿದಾಗ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿಪಡಿಸಬೇಕಾಗಿ ಬಂದುದು ಎಲ್ಲರಿಗೂ ತಿಳಿದ ವಿಷಯ. ಇಂತಹ ಸಂದರ್ಭಗಳಲ್ಲಿ ಮಳೆಯನ್ನು ದೂರುವುದು ವಾಡಿಕೆ. ಈ ದೂರು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ಅರ್ಕಾವತಿ ನದಿಯ ಜಲಾನಯನದಲ್ಲಿ ನಡೆದ ಸಂಶೋಧನೆಯೊಂದು ಪರಿಶೀಲಿಸಿದೆ. ಅದರ ಫಲಿತಾಂಶವು ಉದ್ಯಮ ವಲಯದವರು ಅವಶ್ಯವಾಗಿ ಗಮನಿಸಬೇಕಾದುದಾಗಿದೆ.

ಜಲಾನಯನವೆಂಬ ಲೆಕ್ಕದ ಪುಸ್ತಕ

ಒಂದು ನದಿ ಅಥವಾ ಹಳ್ಳಕ್ಕೆ ನೀರು ಹರಿದುಬರುವ ಒಟ್ಟು ಭೂಪ್ರದೇಶವನ್ನು ಜಲಾನಯನ ಎನ್ನುತ್ತಾರೆ. ಇದಕ್ಕೆ ಜಮಾ ಆಗುವುದು ಮಳೆ. ಖರ್ಚಿನ ಬಾಬುಗಳು ಮೂರು: ಆವಿಯಾಗಿ ಹಾಗೂ ಗಿಡಮರಗಳ ಮೂಲಕ ಗಾಳಿಗೆ ಹೋಗುವ ನೀರು, ಮನುಷ್ಯರು ಎತ್ತಿ ಬಳಸುವ ನೀರು ಮತ್ತು ನದಿಯಲ್ಲಿ ಹರಿದುಹೋಗುವ ನೀರು. ಉಳಿದುದು ಅಂತರ್ಜಲದ ಶಿಲ್ಕು.

ಈ ಲೆಕ್ಕವನ್ನು ನೀರಿಗೆ ಮಾತ್ರವಲ್ಲದೆ ನೀರಿನಲ್ಲಿ ಕರಗಿರುವ ಪದಾರ್ಥಗಳಿಗೂ ಅನ್ವಯಿಸಿ ತೋರಿಸಿದವರಲ್ಲಿ ಅಮೆರಿಕದ ವಿಜ್ಞಾನಿಗಳಾದ ಹರ್ಬರ್ಟ್ ಬೋರ್ಮನ್ ಹಾಗೂ ಜೀನ್ ಲೈಕೆನ್ಸ್ ಪ್ರಮುಖರು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬರ್ಡ್ ಬ್ರೂಕ್ ಅರಣ್ಯದಲ್ಲಿ 1963ರಲ್ಲಿ ಅವರು ಮತ್ತು ಅವರ ಸಂಗಡಿಗರು ಆರಂಭಿಸಿದ ಅಧ್ಯಯನದಲ್ಲಿ ಮಳೆಯೊಂದಿಗೆ ಬಂದ ಹಾಗೂ ಹಳ್ಳದೊಂದಿಗೆ ಹೊರಹೋದ ಪ್ರತಿಯೊಂದು ಪದಾರ್ಥವನ್ನೂ ಅಳೆಯಲಾಯಿತು. 1965ರಲ್ಲಿ ಒಂದು ಕಿರು ಜಲಾನಯನದ ಮರಗಳನ್ನೆಲ್ಲ ಕಡಿದು, ಮತ್ತೆ ಚಿಗುರದಂತೆ ತಡೆದಾಗ, ಮೊದಲ ವರ್ಷವೇ ಹಳ್ಳದ ಹರಿವು ಸುಮಾರು ಶೇ. 40ರಷ್ಟು ಹೆಚ್ಚಿತು. ಆದರೆ ಮಣ್ಣಿನ ಸಾರ ಕರಗಿ ಹೊರಬಿದ್ದುದರಿಂದ ಆ ನೀರಿನಲ್ಲಿ ನೈಟ್ರೇಟ್ ಪ್ರಮಾಣ ಕುಡಿಯುವ ನೀರಿನ ಮಿತಿಯನ್ನು ಮೀರಿತು. ನೆಲದ ಬಳಕೆ, ನೀರಿನ ಪ್ರಮಾಣ, ನೀರಿನ ಗುಣ – ಈ ಮೂರೂ ಒಂದೇ ಲೆಕ್ಕದ ಬಾಬುಗಳೆಂಬುದು ಈ ಪ್ರಯೋಗದಿಂದ ಸಿದ್ಧವಾಯಿತು.

ಅರ್ಕಾವತಿ ಏಕೆ ಬತ್ತಿತು?

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರ, ಹೆಸರಘಟ್ಟ, ರಾಮನಗರ, ಕನಕಪುರಗಳ ಮಾರ್ಗವಾಗಿ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರಿಗೆ ನೀರೊದಗಿಸಲು ಈ ನದಿಗೆ 1890ರ ದಶಕದಲ್ಲಿ ಹೆಸರಘಟ್ಟದಲ್ಲಿಯೂ, 1930ರ ದಶಕದಲ್ಲಿ ಕುಮುದ್ವತಿ ಬಂದು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿಯೂ ಜಲಾಶಯಗಳು ನಿರ್ಮಾಣವಾದವು. 1974ರಲ್ಲಿ ಕಾವೇರಿ ನೀರು ಬರುವವರೆಗೆ ನಗರವು ಮುಖ್ಯವಾಗಿ ಇವುಗಳನ್ನೇ ಅವಲಂಬಿಸಿತ್ತು. ಮುಂದಿನ ದಶಕಗಳಲ್ಲಿ ತಿಪ್ಪಗೊಂಡನಹಳ್ಳಿಗೆ ಒಳಹರಿವು ಕುಸಿಯುತ್ತ ಹೋಗಿ, 2012ರ ವೇಳೆಗೆ ಅಲ್ಲಿಂದ ನಗರಕ್ಕೆ ನೀರು ಪಡೆಯುವುದೇ ನಿಂತಿತು.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ‘ಏಟ್ರೀ’ಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮೊದಲಾದವರು ವಿದೇಶಿ ವಿಜ್ಞಾನಿಗಳೊಡಗೂಡಿ ಈ ಜಲಾಶಯದ 1447 ಚದರ ಕಿ.ಮೀ. ಜಲಾನಯನವನ್ನು ಅಧ್ಯಯನ ಮಾಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಅನುಸರಿಸಿದ ವಿಧಾನ ಗಮನಾರ್ಹವಾದುದು. ಮೊದಲೇ ಒಂದು ಕಾರಣವನ್ನು ನಂಬಿ ಸಾಕ್ಷ್ಯ ಹುಡುಕುವ ಬದಲು, ಸಾಧ್ಯವಿರುವ ಕಾರಣಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದನ್ನೂ ಲಭ್ಯ ದಾಖಲೆಗಳೊಡನೆ ತಾಳೆ ನೋಡಿದರು. ಮಳೆಯ ಮೊತ್ತ ಕಡಿಮೆಯಾಯಿತೇ? ಮಳೆಯ ರಭಸ ಬದಲಾಯಿತೇ? ತಾಪಮಾನ ಏರಿ ಆವಿಯಾಗುವಿಕೆ ಹೆಚ್ಚಿತೇ? ಅಂತರ್ಜಲದ ಎತ್ತುವಿಕೆ ಕಾರಣವೇ? ನೀಲಗಿರಿ ನೆಡುತೋಪುಗಳೇ? ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳೇ?

ಮೊದಲ ಮೂರು ಕಾರಣಗಳು ಈ ಪ್ರಮಾಣದ ಕುಸಿತವನ್ನು ವಿವರಿಸಲಾರವೆಂದು ಕಂಡುಬಂದಿತು. ಅಂತರ್ಜಲದ ಎತ್ತುವಿಕೆ, ನೀಲಗಿರಿ ತೋಪುಗಳ ವಿಸ್ತರಣೆ ಹಾಗೂ ಅವುಗಳಿಗಿಂತ ಕಡಿಮೆ ಮಟ್ಟಿಗೆ ಒಡ್ಡುಗಳು – ಇವೇ ಹೆಚ್ಚು ಸಂಭವನೀಯ ಕಾರಣಗಳೆಂದು ಅಧ್ಯಯನವು ತೀರ್ಮಾನಿಸಿತು. ಅಂದರೆ ಜಮಾ ಕಡಿಮೆಯಾಗಿರಲಿಲ್ಲ, ಖರ್ಚು ಹೆಚ್ಚಿತ್ತು.

ಇದರ ಹಿಂದಿನ ಕ್ರಿಯೆ ಸರಳವಾದುದು. ಮಳೆಗಾಲ ಮುಗಿದ ಮೇಲೂ ಹೊಳೆ ಹರಿಯುವುದು ಅಂತರ್ಜಲ ಜಿನುಗುವುದರಿಂದ. ಈ ಭಾಗದ ಗಟ್ಟಿಶಿಲೆಯ ನೆಲದಲ್ಲಿ ನೀರು ಹೆಚ್ಚಾಗಿ ನಿಲ್ಲುವುದು ಮೇಲುಭಾಗದ ಶಿಥಿಲ ಪದರದಲ್ಲಿ. ಕೊಳವೆಬಾವಿಗಳು ಆ ಪದರವನ್ನು ಬರಿದುಮಾಡಿದಾಗ ಜಿನುಗು ನಿಲ್ಲುತ್ತದೆ. ಬಿದ್ದ ಮಳೆ ಒಣಗಿದ ನೆಲವನ್ನು ತಣಿಸುವುದರಲ್ಲೇ ಮುಗಿಯುತ್ತದೆ. ಆಳಕ್ಕೆ ಬೇರಿಳಿಸುವ ನೀಲಗಿರಿಯು ಅಂತರ್ಜಲಕ್ಕೆ ಸೇರಬೇಕಾದ ನೀರನ್ನು ವರ್ಷವಿಡೀ ಹೀರುತ್ತದೆ. (ರಾಜ್ಯದಲ್ಲಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು.) ಒಡ್ಡುಗಳ ವಿಷಯದಲ್ಲಿ ವರ್ತಕರಿಗೆ ಸುಲಭವಾಗಿ ಅರ್ಥವಾಗುವ ಮಾತೊಂದಿದೆ: ಒಡ್ಡು ಹೊಸ ಆದಾಯವನ್ನು ತರುವುದಿಲ್ಲ, ಕೆಳಗಿನ ಕೆರೆಯ ಖಾತೆಯಲ್ಲಿದ್ದ ನೀರನ್ನು ಮೇಲಿನ ಹೊಲದ ಖಾತೆಗೆ ವರ್ಗಾಯಿಸುತ್ತದೆ. ಆ ವರ್ಗಾವಣೆ ನ್ಯಾಯವೇ ಆಗಿರಬಹುದು, ಆದರೆ ಅದನ್ನು ಲಾಭವೆಂದು ಬರೆದುಕೊಳ್ಳಲಾಗದು.

ಹರಿವಿಲ್ಲದ ನದಿಯಲ್ಲಿ ನೀರಿನ ಗುಣ

ನೀರಿನ ಪ್ರಮಾಣ ಕುಗ್ಗಿದರೆ ಗುಣವೂ ಕೆಡುತ್ತದೆ. ಒಂದು ಲೀಟರ್ ನೀರಿನಲ್ಲಿರುವ ಮಾಲಿನ್ಯವು ಬಂದು ಸೇರಿದ ಮಾಲಿನ್ಯದ ತೂಕವನ್ನಷ್ಟೇ ಅಲ್ಲ, ಅದನ್ನು ಬೆರೆಸಿಕೊಳ್ಳುವ ಹರಿವನ್ನೂ ಅವಲಂಬಿಸಿದೆ. ಕೈಗಾರಿಕಾ ತ್ಯಾಜ್ಯಜಲವನ್ನು ಒಳನಾಡಿನ ಜಲಮೂಲಗಳಿಗೆ ಬಿಡುವಾಗ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿ.ಗ್ರಾಂ. ಮೀರಬಾರದೆಂದು ಸಾಮಾನ್ಯ ಮಾನದಂಡ ಹೇಳುತ್ತದೆ. ಸ್ನಾನಯೋಗ್ಯ ನದಿಗೆ ಇರಬೇಕಾದ ಮಿತಿಯಾದರೋ 3 ಮಿ.ಗ್ರಾಂ. ಹತ್ತು ಪಟ್ಟು ನೀರು ಸೇರಿದಾಗ ಮಾತ್ರ ಈ ಎರಡು ಅಂಕಿಗಳು ಹೊಂದುತ್ತವೆ. ಒಟ್ಟು ಕ್ರೋಮಿಯಂಗೆ ತ್ಯಾಜ್ಯಜಲದ ಮಿತಿ 2 ಮಿ.ಗ್ರಾಂ., ಕುಡಿಯುವ ನೀರಿನ ಮಿತಿ 0.05 ಮಿ.ಗ್ರಾಂ. ಇಲ್ಲಿ ಅಂತರ ನಲವತ್ತು ಪಟ್ಟು. ಬೇರೆ ಹರಿವೇ ಇಲ್ಲದ ಹಳ್ಳದಲ್ಲಿ ಬಿಟ್ಟ ತ್ಯಾಜ್ಯಜಲವೇ ನದಿಯಾಗುತ್ತದೆ. ಆಗ ಕಾನೂನನ್ನು ಪೂರ್ಣವಾಗಿ ಪಾಲಿಸಿದ ಘಟಕಗಳ ಕೆಳಗೂ ನೀರು ಅಯೋಗ್ಯವಾಗಿಯೇ ಉಳಿಯುವ ಸಾಧ್ಯತೆಯಿದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ದಿನಕ್ಕೆ 10,000 ಲೀಟರ್ ತ್ಯಾಜ್ಯಜಲ ಬಿಡುವ ಲೇಪನ ಘಟಕವೊಂದು ಲೀಟರಿಗೆ 2 ಮಿ.ಗ್ರಾಂ. ಮಿತಿಯಲ್ಲಿಯೇ ಇದೆಯೆಂದು ಭಾವಿಸೋಣ. ದಿನಕ್ಕೆ 20 ಗ್ರಾಂ., 300 ಕೆಲಸದ ದಿನಗಳಲ್ಲಿ 6 ಕಿಲೋಗ್ರಾಂ ಕ್ರೋಮಿಯಂ ಹಳ್ಳ ಸೇರಿದಂತಾಯಿತು. ಅಂತಹ ನೂರು ಘಟಕಗಳಿದ್ದರೆ 600 ಕಿಲೋಗ್ರಾಂ. ಲೋಹವು ಕೊಳೆತು ಕರಗುವ ವಸ್ತುವಲ್ಲ, ಕೆಳಗಿನ ಕೆರೆಯ ಹೂಳಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ಬೆಂಗಳೂರಿನ ಕೊಳಚೆಯನ್ನೂ ಕೈಗಾರಿಕಾ ತ್ಯಾಜ್ಯವನ್ನೂ ಹೊತ್ತು ಅರ್ಕಾವತಿಯನ್ನು ಸೇರುವ ವೃಷಭಾವತಿಯ ನೀರಿನಿಂದ ಬೈರಮಂಗಲದ ಸುತ್ತಮುತ್ತ ರೈತರು ಬೆಳೆ ತೆಗೆಯುತ್ತಾರೆಂಬುದನ್ನು ನೆನೆದರೆ ಈ ಲೆಕ್ಕದ ಗಂಭೀರತೆ ಅರಿವಾಗುತ್ತದೆ.

ನೀತಿಯೂ ಉದ್ಯಮವೂ

ತಿಪ್ಪಗೊಂಡನಹಳ್ಳಿ ಜಲಾನಯನದಲ್ಲಿ ಕೈಗಾರಿಕೆ ಮತ್ತು ಕಟ್ಟಡಗಳ ಮೇಲೆ ವಲಯವಾರು ನಿರ್ಬಂಧ ವಿಧಿಸಿ ರಾಜ್ಯ ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತು. ಮುಂದೆ ಅದು ಪರಿಷ್ಕರಣೆಗೂ ಒಳಗಾಯಿತು. ಮಾಲಿನ್ಯದ ದೃಷ್ಟಿಯಿಂದ ಇಂತಹ ಕ್ರಮ ಅಗತ್ಯವೇ. ಆದರೆ ಜಲಾಶಯಕ್ಕೆ ನೀರೇ ಬಾರದಿದ್ದಲ್ಲಿ ಗುಣವನ್ನಷ್ಟೇ ಕಾಯುವ ನಿಯಮ ಅರ್ಧ ಪರಿಹಾರ ಮಾತ್ರ. ಅಂತರ್ಜಲ ನಿಯಂತ್ರಣಕ್ಕೆ 2011ರ ರಾಜ್ಯ ಕಾಯಿದೆಯಿದೆ. ಅದು ಫಲಕಾರಿಯಾಗಬೇಕಾದರೆ ಯಾರು ಎಷ್ಟು ನೀರೆತ್ತುತ್ತಾರೆಂಬ ಅಳತೆ ಬೇಕು. ಅಳತೆ ಇಲ್ಲದೆಡೆ ನಿರ್ಬಂಧವು ಸುಲಭವಾಗಿ ಕಣ್ಣಿಗೆ ಬೀಳುವವರ ಮೇಲೆ, ಅಂದರೆ ನೋಂದಾಯಿತ ಸಣ್ಣ ಘಟಕಗಳ ಮೇಲೆ, ಮೊದಲು ಬೀಳುವುದು ಸಹಜ. ತಮ್ಮ ಬಳಕೆಯ ನಿಖರ ದಾಖಲೆ ಇಟ್ಟವರಿಗೆ ಮಾತ್ರ ಅಂತಹ ಸಂದರ್ಭದಲ್ಲಿ ಆಧಾರಸಹಿತವಾಗಿ ವಾದಿಸಲು ಸಾಧ್ಯ.

ಕಾವೇರಿ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡು ನಗರಕ್ಕೆ ಹೆಚ್ಚಿನ ನೀರು ಬಂದಿದೆ, ನಿಜ. ಆದರೆ ಸುಮಾರು 100 ಕಿ.ಮೀ. ದೂರದಿಂದ, ಹಲವು ಹಂತಗಳಲ್ಲಿ ಮೇಲೆತ್ತಿ ತರುವ ನೀರು ವಿದ್ಯುತ್ ದರದೊಂದಿಗೇ ದುಬಾರಿಯಾಗುತ್ತದೆ. ಸಮೀಪದ ಜಲಾನಯನವನ್ನು ಕಳೆದುಕೊಂಡ ನಷ್ಟ ನೀರಿನ ಬಿಲ್ಲಿನಲ್ಲಿ ಸೇರಿಯೇ ಇರುತ್ತದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಕೊಳವೆಬಾವಿಗೆ ಮೀಟರ್ ಅಳವಡಿಸಿ, ನೀರಿನ ಮಟ್ಟ ಹಾಗೂ ಬಳಕೆಯನ್ನು ತಿಂಗಳಿಗೊಮ್ಮೆ ದಾಖಲಿಸುವುದು.

2. ಲೇಪನ, ಬಣ್ಣ ಹಾಕುವ ಘಟಕಗಳಲ್ಲಿ ತೊಳೆದ ನೀರನ್ನು ಹಿಂದಿನ ತೊಟ್ಟಿಗೆ ಮರುಬಳಸುವ ಹಂತವಾರು ತೊಳೆಯುವಿಕೆಯನ್ನು ಅಳವಡಿಸುವುದು. ಇದರಿಂದ ನೀರು, ರಾಸಾಯನಿಕ ಎರಡೂ ಉಳಿಯುತ್ತವೆ.

3. ಲೋಹಯುಕ್ತ ತ್ಯಾಜ್ಯಜಲವನ್ನು ಇತರ ನೀರಿನೊಡನೆ ಬೆರೆಸದೆ ಪ್ರತ್ಯೇಕವಾಗಿ ಸಾಮಾನ್ಯ ಸಂಸ್ಕರಣಾ ಘಟಕಕ್ಕೆ ಕಳುಹಿಸುವುದು. ಬೆರೆಸಿದರೆ ಸಾಂದ್ರತೆ ಇಳಿಯುತ್ತದೆಯೇ ಹೊರತು ಲೋಹದ ತೂಕ ಇಳಿಯುವುದಿಲ್ಲ.

4. ತೊಳೆಯಲು, ತಂಪುಗೊಳಿಸಲು ಸಂಸ್ಕರಿತ ನೀರನ್ನು ಪಡೆಯುವ ಬಗ್ಗೆ ಕೈಗಾರಿಕಾ ಪ್ರದೇಶದ ಘಟಕಗಳು ಒಟ್ಟಾಗಿ ಜಲಮಂಡಳಿಗೆ ಬೇಡಿಕೆ ಸಲ್ಲಿಸುವುದು.

ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಅರ್ಕಾವತಿಯ ಸಂಶೋಧನೆ ಗುರುತಿಸಿದ ಮುಖ್ಯ ಕಾರಣಗಳೆಲ್ಲ ಮನುಷ್ಯರ ಕೈಯಲ್ಲಿರುವಂಥವು. ಆದುದರಿಂದಲೇ ಅವುಗಳನ್ನು ಸರಿಪಡಿಸುವ ಅವಕಾಶವೂ ಇದೆ. ವರ್ಷಾಂತ್ಯದಲ್ಲಿ ಸರಕಿನ ದಾಸ್ತಾನು ಪರಿಶೀಲಿಸುವಂತೆಯೇ ನೀರಿನ ದಾಸ್ತಾನನ್ನೂ ಪರಿಶೀಲಿಸುವ ಪದ್ಧತಿ ನಮ್ಮ ಘಟಕಗಳಲ್ಲಿ ಬರುವುದು ಅಗತ್ಯವಾಗಿದೆ.