ರಾಜ್ಯಶಾಸ್ತ್ರವನ್ನು ಓದಹೊರಟ ಮಕ್ಕಳಿಗೆ

ಕಳೆದ ವರ್ಷ ಪಿ.ಯು.ಸಿ. ಫಲಿತಾಂಶ ಬಂದ ದಿನಗಳಲ್ಲಿ ಧಾರವಾಡ ಸೀಮೆಯ ಒಂದು ಹಳ್ಳಿಗೆ, ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆನು. ಪ್ರಸಾದ ಮುಗಿದ ಮೇಲೆ ಯಜಮಾನರು ಮಗಳನ್ನು ಕರೆದು, "ಗುರುಗಳೇ, ಇವಳಿಗೆ ಒಳ್ಳೆಯ ಅಂಕಗಳು ಬಂದಿವೆ. ಬಿ.ಕಾಂ. ಮಾಡು ಎಂದರೆ ರಾಜ್ಯಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ. ನಮ್ಮ ಮನೆತನಕ್ಕೆ ಈ ರಾಜಕೀಯ ಬೇಕೆ? ನೀವಾದರೂ ತಿಳಿಸಿ ಹೇಳಿರಿ" ಎಂದರು.

"ಏಕವ್ವಾ, ಅದನ್ನೇ ಓದಬೇಕೆಂದು ಏಕೆ ಅನ್ನಿಸಿತು?" ಎಂದು ಕೇಳಿದೆನು. ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು: "ನಮ್ಮ ಓಣಿಗೆ ಬರಬೇಕಾಗಿದ್ದ ನೀರಿನ ಟಾಕಿ ಬೇರೆ ಓಣಿಗೆ ಹೋಯಿತು. ಹೀಗೆ ತೀರ್ಮಾನಿಸಿದವರು ಯಾರು ಎಂದು ಅಜ್ಜಿ ಗ್ರಾಮಸಭೆಯಲ್ಲಿ ಎದ್ದು ಕೇಳಿದಳು. ಮೇಲಿನಿಂದ ಬಂದಿದೆ ಎಂದರು. ಮೇಲೆ ಎಂದರೆ ಎಲ್ಲಿ ಎಂಬುದು ನನಗೆ ತಿಳಿಯಬೇಕು ಗುರುಗಳೇ."

ನಾನು ತಂದೆಯ ಕಡೆಗೆ ತಿರುಗಿ, "ಈ ಮಗುವಿಗೆ ನಾನು ಹೇಳಬೇಕಾದ ಬುದ್ಧಿ ಏನೂ ಉಳಿದಿಲ್ಲ" ಎಂದೆನು. ತೀರ್ಮಾನಿಸುವವರು ಯಾರು? ಯಾವ ಅಧಿಕಾರದಿಂದ? ಆ ಅಧಿಕಾರದ ಮಿತಿ ಯಾವುದು? ಅವರು ಯಾರಿಗೆ ಉತ್ತರ ಹೇಳಬೇಕು? ರಾಜ್ಯಶಾಸ್ತ್ರವೆಂಬುದು ಈ ನಾಲ್ಕು ಪ್ರಶ್ನೆಗಳ ವಿಸ್ತಾರವೇ ಆಗಿದೆ. ಒಕ್ಕಲುತನ ಮಾಡುವುದು ಬೇರೆ, ಮಣ್ಣಿನ ಗುಣವನ್ನು ಅಭ್ಯಾಸ ಮಾಡುವುದು ಬೇರೆ. ಅದರಂತೆ ರಾಜಕಾರಣವೂ ರಾಜ್ಯಶಾಸ್ತ್ರವೂ ಸಂಬಂಧವುಳ್ಳವೇ ಹೊರತು ಒಂದೇ ಅಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಪರಕೀಯವೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಹೆಸರಿನಲ್ಲಿ ಮಾತ್ರ ಉಳಿದಿದ್ದ ಕಾಲದಲ್ಲಿ ಅದರ ತಾಳೆಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಜಗತ್ತಿಗೆ ಕೊಟ್ಟವರು ಪಂಡಿತ ಆರ್. ಶಾಮಶಾಸ್ತ್ರಿಗಳು.

ಕಾಲೇಜು ತೆರೆಯುವುದಕ್ಕೆ ಮುಂಚಿನ ಬಿಡುವಿನಲ್ಲಿ ಮಾಡಿಕೊಳ್ಳಬಹುದಾದ ಸಿದ್ಧತೆಯನ್ನು ಅಂದು ಆ ಹುಡುಗಿಗೆ ಹೇಳಿದೆನು. ಅದನ್ನೇ ಇಲ್ಲಿ ವಾಚಕ ಬಂಧುಗಳ ಮುಂದಿಡುತ್ತಿದ್ದೇನೆ.

ಮೊದಲನೆಯದು ಶಬ್ದಶುದ್ಧಿ. ರಾಜ್ಯ, ರಾಷ್ಟ್ರ, ಸರ್ಕಾರ ಎಂಬ ಮಾತುಗಳನ್ನು ನಾವು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟು ಆಡುತ್ತೇವೆ. ಸರ್ಕಾರ ಬದಲಾಗುತ್ತದೆ, ರಾಜ್ಯ ಉಳಿಯುತ್ತದೆ. ಕನ್ನಡದಲ್ಲಿ ಇನ್ನೊಂದು ತೊಡಕುಂಟು. ಕರ್ನಾಟಕವನ್ನೂ ರಾಜ್ಯವೆನ್ನುತ್ತೇವೆ, ಶಾಸ್ತ್ರದ ವಿಷಯವಾದ ಪ್ರಭುತ್ವವನ್ನೂ ರಾಜ್ಯವೆನ್ನುತ್ತೇವೆ. ಸಂವಿಧಾನದ 12ನೆಯ ಅನುಚ್ಛೇದವು ಮೂಲಭೂತ ಹಕ್ಕುಗಳ ಸಂಬಂಧದಲ್ಲಿ ಪ್ರಭುತ್ವವೆಂದರೆ ಏನೆಂದು ವಿವರಿಸುವಾಗ ಕೇಂದ್ರ ಮತ್ತು ರಾಜ್ಯಗಳ ಸರ್ಕಾರಗಳು, ಸಂಸತ್ತು, ವಿಧಾನಮಂಡಲಗಳ ಜೊತೆಗೆ ಸ್ಥಳೀಯ ಪ್ರಾಧಿಕಾರಗಳನ್ನೂ ಸೇರಿಸಿದೆ. ಅಂದರೆ ಊರ ಪಂಚಾಯಿತಿಯೂ ಪ್ರಭುತ್ವವೇ. ಒಂದು ನೋಟುಬುಕ್ಕಿನಲ್ಲಿ ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಊರಿನದೇ ಒಂದು ಉದಾಹರಣೆ ಬರೆದಿಡಬೇಕು. ಮುಂದೆ ಇಂಗ್ಲಿಷ್ ಗ್ರಂಥಗಳನ್ನು ಓದುವಾಗ ಈ ಕೈಬರಹವೇ ಊರುಗೋಲಾಗುವುದು.

ಎರಡನೆಯದು ಮೂಲಪಾಠ. ಗೈಡುಗಳನ್ನು ಹಿಡಿಯುವ ಮೊದಲು ಸಂವಿಧಾನವನ್ನೇ ಕೈಗೆತ್ತಿಕೊಳ್ಳಬೇಕು. ಕನ್ನಡದಲ್ಲಿಯೂ ಅದು ದೊರೆಯುತ್ತದೆ. ಪೀಠಿಕೆ, ಮೂಲಭೂತ ಹಕ್ಕುಗಳು, ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು, ಇಷ್ಟನ್ನು ದಿನಕ್ಕೆ ಒಂದೆರಡು ಪುಟದಂತೆ ನಿಧಾನವಾಗಿ ಓದಿದರೆ ಸಾಕು. 1946ರ ಡಿಸೆಂಬರ್ 9ರಂದು ಮೊದಲು ಸೇರಿದ ಸಂವಿಧಾನ ಸಭೆಯು ಸುಮಾರು ಮೂರು ವರ್ಷ ಚರ್ಚಿಸಿ 1949ರ ನವೆಂಬರ್ 26ರಂದು ಅಂಗೀಕರಿಸಿದ ಗ್ರಂಥವಿದು. ನಮ್ಮ ಎಸ್. ನಿಜಲಿಂಗಪ್ಪನವರೂ ಆ ಸಭೆಯ ಸದಸ್ಯರಾಗಿದ್ದರು.

ಮೂರನೆಯದೇ ಮುಖ್ಯವಾದುದು. ಅದು ಪೂರ್ವಪಕ್ಷದ ಅಭ್ಯಾಸ. ನಾನು ಮಠದ ಪಾಠಶಾಲೆಯಲ್ಲಿದ್ದಾಗ ತರ್ಕ ಹೇಳುತ್ತಿದ್ದ ಗುರುಗಳು, ಸಿದ್ಧಾಂತಕ್ಕೆ ಅವಸರಪಟ್ಟವನನ್ನು ಸುಮ್ಮನೆ ಕೂಡಿಸಿಬಿಡುತ್ತಿದ್ದರು. ಎದುರಾಳಿಯು ಕೇಳಿ, "ಹೌದು, ನನ್ನ ಮಾತು ಇದೇ" ಎಂದು ಒಪ್ಪುವಂತೆ ಅವನ ಪಕ್ಷವನ್ನು ಮೊದಲು ಹೇಳಬೇಕು, ಖಂಡನೆ ಆಮೇಲೆ. ಒಮ್ಮೆ ನಾನು ಪೂರ್ವಪಕ್ಷವನ್ನು ಹಗುರಾಗಿ ಹೇಳಿ ನಕ್ಕುಬಿಟ್ಟೆನು. ಗುರುಗಳು ಎಂಟು ದಿನ ಅದೇ ಪಕ್ಷವನ್ನು ವಾದಿಸುವಂತೆ ವಿಧಿಸಿದರು. ಎಂಟನೆಯ ದಿನ ನನ್ನ ನಗು ನಿಂತಿತ್ತು.

ಸಂವಿಧಾನ ಸಭೆಯ ಚರ್ಚೆಗಳಲ್ಲಿ ಈ ಅಭ್ಯಾಸಕ್ಕೆ ಉತ್ತಮ ನಿದರ್ಶನವಿದೆ. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಡಾ. ಅಂಬೇಡ್ಕರ್ ಅವರು, ಹಳ್ಳಿಯು ಸಂಕುಚಿತ ಭಾವಗಳ ಬೀಡಾಗಿರುವುದರಿಂದ ವ್ಯಕ್ತಿಯನ್ನೇ ಸಂವಿಧಾನದ ಘಟಕವಾಗಿ ಇಟ್ಟುಕೊಂಡದ್ದು ಸರಿಯೆಂದು ವಾದಿಸಿದರು. ಅನೇಕ ಸದಸ್ಯರು ಅದನ್ನು ಒಪ್ಪಲಿಲ್ಲ. ಅದೇ ನವೆಂಬರ್ 22ರಂದು ಗ್ರಾಮ ಪಂಚಾಯಿತಿಗಳನ್ನು ರಚಿಸಬೇಕೆಂಬ ತಿದ್ದುಪಡಿಯನ್ನು ಕೆ. ಸಂತಾನಂ ಅವರು ಮಂಡಿಸಿದಾಗ ಅಂಬೇಡ್ಕರರು ಅದನ್ನು ಸ್ವೀಕರಿಸಿದರು. ಅದೇ ಇಂದಿನ 40ನೆಯ ಅನುಚ್ಛೇದ. ಮುಂದೆ 1992ರ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಈ ವಾದದಲ್ಲಿ ಎರಡೂ ಪಕ್ಷಗಳಿಗೆ ಬಲವುಂಟು. ಒಂದನ್ನೇ ಓದಿದವನು ಹಳ್ಳಿಯನ್ನು ಬರಿದೆ ಹೊಗಳುವನು, ಇಲ್ಲವೆ ಬರಿದೆ ತೆಗಳುವನು.

ನಮ್ಮ ಸಮಾಜದ ಮಕ್ಕಳಿಗೆ ಇನ್ನೂ ಕಠಿಣವಾದ ಪರೀಕ್ಷೆಯೊಂದನ್ನು ಹೇಳುವೆನು. ಮುಖ್ಯಮಂತ್ರಿಗಳಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವು 1989ರ ಏಪ್ರಿಲ್ 21ರಂದು ವಜಾ ಆಯಿತು. ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡಿರುವರೆಂಬ ಪತ್ರಗಳ ಆಧಾರದಿಂದ ಬಹುಮತ ಹೋಗಿದೆಯೆಂದು ರಾಜ್ಯಪಾಲರು ವರದಿ ಮಾಡಿದ್ದರು. ಅವರಲ್ಲಿ ಏಳು ಮಂದಿ ಮರುದಿನವೇ ತಮ್ಮ ಬೆಂಬಲ ಸರ್ಕಾರಕ್ಕೆ ಇದೆಯೆಂದರು. ಸದನದಲ್ಲಿಯೇ ಬಹುಮತ ತೋರಿಸುವೆನೆಂದು ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂದು ನಿರ್ಣಯಿಸಿ, ಆ ವಜಾ ಸಂವಿಧಾನಬಾಹಿರವೆಂದು ಸಾರಿತು. ನಮ್ಮವರು ಎಂಬ ಅಭಿಮಾನದಿಂದ ಈ ತೀರ್ಪನ್ನು ಮೆಚ್ಚುವುದು ಸುಲಭ. ವಿದ್ಯಾರ್ಥಿಯು ಮೊದಲು ರಾಜ್ಯಪಾಲರ ಸ್ಥಾನದಲ್ಲಿ ನಿಂತು ವಾದಿಸಲಿ. ಹಾಗೆ ವಾದಿಸಿದ ಮೇಲೆಯೂ ತೀರ್ಪು ಸರಿಯೆಂದು ಕಂಡರೆ ಅದು ಅಭಿಮಾನವಾಗಿ ಉಳಿಯದೆ ತಿಳಿವಳಿಕೆಯಾಗುತ್ತದೆ. ಅದೇ ನ್ಯಾಯವನ್ನು ನಮ್ಮವರಲ್ಲದವರಿಗೂ ಹೇಳುವ ಧೈರ್ಯ ಆಗ ಬರುತ್ತದೆ.

ನಾಲ್ಕನೆಯದು ಪ್ರತ್ಯಕ್ಷ ದರ್ಶನ. ನಮ್ಮ ರಾಜ್ಯದ ಕಾನೂನಿನಂತೆ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಯಾರು ಮಾತನಾಡಿದರು, ಯಾರು ಸುಮ್ಮನಿದ್ದರು, ಯಾರು ಬರಲೇ ಇಲ್ಲ ಎಂಬುದನ್ನು ಬರೆದುಕೊಳ್ಳಬೇಕು. ಪಂಚಾಯಿತಿಯ ನಡಾವಳಿ ಬೇಕಾದರೆ 2005ರ ಮಾಹಿತಿ ಹಕ್ಕು ಅಧಿನಿಯಮದಂತೆ ಅರ್ಜಿ ಕೊಟ್ಟು ಪಡೆಯಬಹುದು.

ತಂದೆತಾಯಿಗಳ ಚಿಂತೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಅನ್ನದ ಪ್ರಶ್ನೆ ದೊಡ್ಡದು. ಪದವಿ ಪತ್ರವೊಂದೇ ನೌಕರಿ ಕೊಡದು, ಈ ಮಾತು ಬಿ.ಕಾಂ.ಗೂ ಸಲ್ಲುತ್ತದೆ. ಅಧ್ಯಾಪನ, ಕಾನೂನು, ಪತ್ರಿಕೋದ್ಯಮ, ಆಡಳಿತ ಸೇವೆ ಇವಕ್ಕೆಲ್ಲ ಇಲ್ಲಿಂದ ದಾರಿಗಳುಂಟು. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಸಂವಿಧಾನ ಮತ್ತು ಆಡಳಿತ ಎಲ್ಲರೂ ಬರೆಯಲೇಬೇಕಾದ ವಿಷಯಗಳು. ಆದರೆ ಎರಡು ಭಾಷೆಗಳಲ್ಲಿ ಸ್ಪಷ್ಟವಾಗಿ ಬರೆಯಬಲ್ಲವರಿಗೆ ಮಾತ್ರ ಆ ಬಾಗಿಲುಗಳು ತೆರೆಯುವುವು. ಪ್ರತಿದಿನ ಒಂದು ಪುಟ ಬರೆಯುವ ನೇಮವನ್ನು ಮನೆಯವರು ನಡೆಸಿಕೊಡಬೇಕು.

ದಸರೆಯ ರಜೆಯಲ್ಲಿ ಮತ್ತೆ ಆ ಮನೆಗೆ ಹೋದಾಗ ಹುಡುಗಿ ಧಾರವಾಡದಲ್ಲಿ ಬಿ.ಎ. ಸೇರಿದ್ದಳು. ಯಜಮಾನರು ಪಡಸಾಲೆಯಲ್ಲಿ ಕುಳಿತು ರಾಜ್ಯಪಾಲರ ಪರವಾಗಿ ಗಟ್ಟಿಯಾಗಿ ವಾದಿಸುತ್ತಿದ್ದರು, ಮಗಳು ಉತ್ತರ ಕೊಡುತ್ತಿದ್ದಳು. ನೀರಿನ ಟಾಕಿಯ ನಡಾವಳಿಯ ಪ್ರತಿಯನ್ನೂ ಆಕೆ ತರಿಸಿದ್ದಳು. ತೀರ್ಮಾನವು ಮೇಲಿನಿಂದ ಬಂದಿರಲಿಲ್ಲ. ಅದೇ ಊರಿನ ಸಭೆಯಲ್ಲಿ, ಕೆಲವೇ ಜನ ಬಂದಿದ್ದ ಒಂದು ಮಧ್ಯಾಹ್ನ ಆಗಿತ್ತು.

"ಅಂದು ನಾನೂ ಹೋಗಿರಲಿಲ್ಲ ಗುರುಗಳೇ" ಎಂದರು ಯಜಮಾನರು. ಬರುವ ಸಭೆಗೆ ಅಜ್ಜಿ, ಮಗ, ಮೊಮ್ಮಗಳು ಮೂವರೂ ಹೋಗುವವರಿದ್ದರು.