ಇಂಗ್ಲೀಷ್ ಅರ್ಜಿಯಲ್ಲಿ ಒಂದು ಸಣ್ಣ ಕೊಕ್ಕೆ

ಇಂಗ್ಲೀಷಿನಲ್ಲಿ ಅಕ್ಷರಗಳ ನಡುವೆ ಮೇಲ್ಗಡೆ ತೂಗುವ ಕೊಕ್ಕೆಗೆ ಅಪಾಸ್ಟ್ರಫಿ ಎಂದು ಹೆಸರು. ಲೋಪಸಂಧಿ ಓದಿದವರಿಗೆ ಇದು ಕಷ್ಟವಲ್ಲ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರ ಹೋಗುತ್ತದೆ. ನಾವು ಗುರುತು ಹಾಕುವುದಿಲ್ಲ, ಇಂಗ್ಲೀಷಿನವರು ಹಾಕುತ್ತಾರೆ. ‘ಡು ನಾಟ್’ ಎಂಬುದು ‘ಡೋಂಟ್’ ಆದಾಗ, ಬಿಟ್ಟುಹೋದ ‘ಓ’ ಅಕ್ಷರದ ಜಾಗದಲ್ಲಿ ಕೊಕ್ಕೆ ಕೂರುತ್ತದೆ. (ಅರ್ಜಿಯಲ್ಲಿ ಮಾತ್ರ ಪೂರ್ತಿ ಬರೆಯುವುದೇ ಮರ್ಯಾದೆ.)

ತೊಡಕಿರುವುದು ಷಷ್ಠೀ ವಿಭಕ್ತಿಯಲ್ಲಿ. ನಮ್ಮ ಪುಣೆ ಕ್ಯಾಂಪಿನ ಬಿಷಪ್ಸ್ ಸ್ಕೂಲಿನ ಹೆಸರಿನಲ್ಲಿ ಕೊಕ್ಕೆ ‘ಎಸ್’ ಅಕ್ಷರಕ್ಕೆ ಮುಂಚೆ, ಬಿಷಪ್ ಒಬ್ಬರೇ. ಬೆಂಗಳೂರಿನಲ್ಲಿ 1865ರಲ್ಲಿ ಆರಂಭವಾದ ಬಿಷಪ್ ಕಾಟನ್ ಬಾಯ್ಸ್ ಸ್ಕೂಲಿನಲ್ಲಿ ಅದು ‘ಎಸ್’ ಆದ ಮೇಲೆ, ಹುಡುಗರು ಹಲವರು. ಬಾಕಿ ಪಗಾರದ ಅರ್ಜಿಯಲ್ಲಿ ‘ವರ್ಕರ್ಸ್ ಪೇ’ ಎಂದು ಬರೆಯುವಾಗ ಕೊಕ್ಕೆ ‘ಎಸ್’ಗೆ ಮುಂಚೆ ಬಂದರೆ ಒಬ್ಬನ ಬಾಕಿ, ಆಮೇಲೆ ಬಂದರೆ ಎಲ್ಲರ ಬಾಕಿ. ಸಹಿ ನಲವತ್ತು ಜನರದಿದ್ದು ಕೊಕ್ಕೆ ಒಬ್ಬನದಾದರೆ, ತಕರಾರು ಹುಡುಕುವ ಸಾಹೇಬರಿಗೆ ಅಷ್ಟೇ ಸಾಕು. ‘ಟೂ ಮಂತ್ಸ್ ಪೇ’ ಎಂಬಲ್ಲಿಯೂ ‘ಎಸ್’ ಆದ ಮೇಲೆಯೇ.

‘ಅದರ’ ಎಂಬರ್ಥದ ‘ಇಟ್ಸ್’ಗೆ ಕೊಕ್ಕೆ ಬೇಡ, ‘ಇಟ್ ಈಸ್’ ಎಂಬುದನ್ನು ಮೊಟಕು ಮಾಡಿದರೆ ಬೇಕು. ‘ಟಿಕೆಟ್ಸ್’, ‘ಶರ್ಟ್ಸ್’ ಮುಂತಾದ ಬರಿಯ ಬಹುವಚನಕ್ಕಂತೂ ಬೇಡವೇ ಬೇಡ, ಅಂಗಡಿಯ ಬೋರ್ಡಿನವನು ಏನೇ ಬರೆದಿರಲಿ.