ಗುಳಿಗೆ ನುಂಗಿದ್ದು ಫೋನಿಗೆ ಗೊತ್ತಾಗುವುದು ಹೇಗೆ?

ಮದ್ದು ಡಬ್ಬಿಯಲ್ಲಿದ್ದರೆ ರೋಗ ವಾಸಿಯಾಗುವುದಿಲ್ಲ. ಅದು ಹೊಟ್ಟೆ ಸೇರಬೇಕು. ಹೊತ್ತಿಗೆ ಸರಿಯಾಗಿ, ಹೇಳಿದಷ್ಟು ದಿನವೂ ಸೇರಬೇಕು. ದೀರ್ಘಕಾಲದ ಕಾಯಿಲೆಗಳಲ್ಲಿ ಮುಂದುವರಿದ ದೇಶಗಳಲ್ಲಿ ಕೂಡ ಸುಮಾರು ಅರ್ಧದಷ್ಟು ರೋಗಿಗಳು ಮಾತ್ರ ಹೇಳಿದಂತೆ ಔಷಧ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು.

ಕ್ಷಯರೋಗದಲ್ಲಿ ಈ ಅಲಕ್ಷ್ಯ ಇನ್ನೂ ಅಪಾಯಕಾರಿ. ಇದಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ ಬೇಕು. ಕೆಮ್ಮು ನಿಂತು ಮೈಗೆ ಕಸುವು ಬಂತೆಂದು ನಡುವೆ ಗುಳಿಗೆ ಬಿಟ್ಟರೆ, ಉಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗಬಹುದು. ಅಂಥ ರೋಗ ಮನೆಮಂದಿಗೂ ಅಂಟಬಹುದು. ಗುಳಿಗೆಯ ಲೆಕ್ಕ ಇಡುವ ಮೊಬೈಲ್ ವ್ಯವಸ್ಥೆಗಳು ಹುಟ್ಟಿಕೊಂಡಿದ್ದು ಇದೇ ಕಾರಣಕ್ಕೆ.

ಅಡಗಿದ್ದ ನಂಬರು

2017ರಲ್ಲಿ ದೇಶದಾದ್ಯಂತ ಕ್ಷಯಕ್ಕೆ ವಾರಕ್ಕೆ ಮೂರು ಸಲದ ಬದಲು ದಿನವೂ ಗುಳಿಗೆ ನೀಡುವ ಪದ್ಧತಿ ಬಂತು. ದಿನಾ ಆಸ್ಪತ್ರೆಗೆ ಬಂದು ಸಿಬ್ಬಂದಿಯ ಎದುರೇ ನುಂಗುವುದು ಕೂಲಿಯವರಿಗೆ ಆಗದ ಮಾತು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ‘99 ಡಾಟ್ಸ್’ ಇದಕ್ಕೊಂದು ಉಪಾಯ ಕಂಡುಕೊಂಡಿತ್ತು. ಗುಳಿಗೆ ಹಾಳೆಗೆ ಕಾಗದದ ಹೊದಿಕೆ ಹಾಕಲಾಗುತ್ತಿತ್ತು. ಗುಳಿಗೆಯನ್ನು ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ನಂಬರು ಕಾಣುತ್ತಿತ್ತು. ಆ ನಂಬರಿಗೆ ಸಾದಾ ಫೋನಿನಿಂದ ಖರ್ಚಿಲ್ಲದ ಒಂದು ಕರೆ ಮಾಡಿದರೆ ಸಾಕು, ಆ ದಿನದ ಗುಳಿಗೆ ಲೆಕ್ಕಕ್ಕೆ ಸೇರುತ್ತಿತ್ತು.

ಉಪಾಯವೇನೋ ಜಾಣತನದ್ದೇ. ಆದರೆ ಚೆನ್ನೈ, ಮುಂಬಯಿ ಮೊದಲಾದ ಕಡೆ ರೋಗಿಗಳ ಮೂತ್ರ ಪರೀಕ್ಷಿಸಿ ಹೋಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾದಾಗ, ಕರೆಯ ಲೆಕ್ಕಕ್ಕೂ ದೇಹದೊಳಗಿನ ಔಷಧಕ್ಕೂ ಅನೇಕ ಸಲ ತಾಳೆಯಾಗಲಿಲ್ಲ. ಗುಳಿಗೆ ನುಂಗಿ ಕರೆ ಮಾಡದವರಿದ್ದರು. ಕರೆ ದಾಖಲಾಗಿದ್ದರೂ ಔಷಧ ಸೇರದವರಿದ್ದರು. ಫೋನು ಕೈಗೆ ಸಿಗದಿರುವುದು, ಸಿಗ್ನಲ್ ಇಲ್ಲದಿರುವುದು, ಓದು ಬಾರದಿರುವುದು, ರೋಗದ ವಿಷಯ ಹೊರಗೆ ತಿಳಿದೀತೆಂಬ ಅಂಜಿಕೆ, ಇವೆಲ್ಲ ಇಂಥ ವ್ಯವಸ್ಥೆಗೆ ಬರುವ ತೊಡಕುಗಳು.

ನಮ್ಮ ಊರಲ್ಲಿ ಪರೀಕ್ಷೆಯಾಗಲಿ

ಆದ್ದರಿಂದ ಆ್ಯಪ್ ಯಾವುದೇ ಇರಲಿ, ಅದನ್ನು ಬಳಸುವವರ ಕೈಗೇ ಕೊಟ್ಟು ಮೊದಲು ನೋಡಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳನ್ನೇ ತೆಗೆದುಕೊಳ್ಳಿ. ಬೆಳಗಿನ ಎಂಟಕ್ಕೆ ಫೋನು ‘ಗುಳಿಗೆ ತೆಗೆದುಕೊಳ್ಳಿ’ ಎಂದು ಬಡಿದುಕೊಂಡರೆ, ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುವ ಹೆಣ್ಣುಮಗಳು ಆ ಹೊತ್ತಿಗೆ ತೋಟದಲ್ಲಿರುತ್ತಾಳೆ, ಗುಳಿಗೆ ಮನೆಯಲ್ಲಿರುತ್ತದೆ. ಗುಳೆ ಹೋದವನ ಫೋನು ಅವನ ಜೊತೆ ಹೋಗುತ್ತದೆ. ಊರಲ್ಲುಳಿದ ತಾಯಿಗೆ ನೆನಪಿಸುವವರಾರು? ಕೊಟ್ಟೂರಿನ ತೇರು, ಮೈಲಾರದ ಕಾರಣಿಕದ ದಿನಗಳಲ್ಲಿ ನಿತ್ಯದ ವೇಳೆಯೇ ಏರುಪೇರಾಗುತ್ತದೆ.

ಪರೀಕ್ಷೆಯ ಕ್ರಮ ಕಷ್ಟದ್ದಲ್ಲ. ಒಂದು ಸಲಕ್ಕೆ ಐದಾರು ಜನ ಸಾಕು. ಆದರೆ ಅವರಲ್ಲಿ ಓದು ಬಾರದವರು, ಕಣ್ಣು ಮಂಜಾದವರು, ಮನೆಗೆಲ್ಲ ಒಂದೇ ಫೋನು ಇರುವವರು ಇರಬೇಕು. ‘ಆ್ಯಪ್ ಚೆನ್ನಾಗಿದೆಯೇ?’ ಎಂದು ಕೇಳಬಾರದು. ಮರ್ಯಾದೆಗಾದರೂ ‘ಚಲೋ ಐತ್ರಿ’ ಎಂದೇ ಹೇಳುತ್ತಾರೆ. ‘ನಿನ್ನೆ ರಾತ್ರಿ ಗುಳಿಗಿ ತಗೊಂಡೀರಿ, ಈಗ ಬರೀರಿ’ ಎಂದು ಕೆಲಸ ಕೊಟ್ಟು, ಬಾಯಿ ಮುಚ್ಚಿ ನೋಡಬೇಕು. ಬೆರಳು ಎಲ್ಲಿ ತಡವರಿಸಿತು? ಗಂಟೆ ನಿಲ್ಲಿಸಲೆಂದೇ ‘ಹೌದು’ ಒತ್ತಿದರೇ? ತಪ್ಪು ಒತ್ತಿದ್ದನ್ನು ತಿದ್ದಲು ಬಂತೇ? ಸಿಗ್ನಲ್ ಇಲ್ಲದಾಗ ಬರೆದದ್ದು ಉಳಿಯಿತೇ? ಎಡವಿದ ಕಡೆ ತಿದ್ದಿ, ಬೇರೆ ಐದಾರು ಜನರಿಗೆ ಕೊಟ್ಟು ಮತ್ತೆ ನೋಡಬೇಕು.

ವೈದ್ಯರ ಕಡೆಯ ಪರೀಕ್ಷೆಯೂ ಅಷ್ಟೇ ಅಗತ್ಯ. ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ಬಣ್ಣದ ನಕ್ಷೆಗಳನ್ನು ನೋಡುತ್ತ ಕೂರುವವರಾರು? ‘ಈ ನಾಲ್ವರು ಮೂರು ದಿನದಿಂದ ಗುಳಿಗೆ ತೆಗೆದುಕೊಂಡಿಲ್ಲ’ ಎಂಬ ಒಂದು ಪಟ್ಟಿ ತಕ್ಷಣ ಸಿಕ್ಕರೆ ಆರೋಗ್ಯ ಕಾರ್ಯಕರ್ತೆಯನ್ನು ಅವರ ಮನೆಗೆ ಕಳಿಸಬಹುದು.

ಮರೆವೊಂದೇ ಕಾರಣವಲ್ಲ

ದಕ್ಷಿಣ ಭಾರತದಲ್ಲಿ 631 ಎಚ್‌ಐವಿ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗುಂಪಿನವರ ಫೋನಿಗೆ ವಾರವಾರವೂ ನೆನಪಿನ ಕರೆ, ಚಿತ್ರ ಕಳಿಸಲಾಗಿತ್ತು. ಆದರೂ ಅವರ ಚಿಕಿತ್ಸೆಯ ಫಲಿತಾಂಶ ಉಳಿದವರಿಗಿಂತ ಉತ್ತಮವಾಗಲಿಲ್ಲ. ಮರೆತವರಿಗೆ ನೆನಪಿಸಬಹುದು, ಹೆದರಿ ಬಿಟ್ಟವರಿಗೆ ನೆನಪಿಸಿ ಫಲವೇನು? ಕ್ಷಯದ ರಿಫಾಂಪಿಸಿನ್ ಔಷಧದಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದು ನಿರಪಾಯಕಾರಿ, ಆದರೆ ಮೊದಲೇ ಹೇಳದಿದ್ದರೆ ಯಾರಾದರೂ ಗಾಬರಿಯಾಗುತ್ತಾರೆ. ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ ಮಾತ್ರ ಅಂದೇ ವೈದ್ಯರನ್ನು ಕಾಣಬೇಕು. ‘ಗುಳಿಗೆ ತೆಗೆದುಕೊಂಡಿರಾ?’ ಎಂದು ಕೇಳುವ ಆ್ಯಪ್, ‘ಹೇಗಿದ್ದೀರಿ?’ ಎಂದೂ ಕೇಳಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಆ್ಯಪ್ ಬಳಸುತ್ತಿದ್ದರೆ ವಾರಕ್ಕೊಮ್ಮೆ ಉಳಿದ ಗುಳಿಗೆಗಳನ್ನು ಎಣಿಸಿ, ಫೋನಿನ ಲೆಕ್ಕದೊಡನೆ ಹೋಲಿಸಿ. ವ್ಯತ್ಯಾಸ ಕಂಡರೆ ಬೈಯಬೇಡಿ, ಕಾರಣ ಕೇಳಿ. ಬಿಟ್ಟುಹೋದ ಗುಳಿಗೆಯನ್ನು ಸರಿದೂಗಿಸಲು ಮರುದಿನ ಎರಡು ನುಂಗಿಸಬೇಡಿ; ವೈದ್ಯರನ್ನು ಕೇಳಿ. ವೈದ್ಯರು ಹೇಳುವವರೆಗೆ ಔಷಧ ನಿಲ್ಲಿಸಬೇಡಿ.